ಅರ್ಲೀತಾ ಹೊಲಿಯದೆ ಬಿಟ್ಟ ತೂತು

ಸಮುದ್ರದಂಚಿನ ಪೋರ್ಟ್ ಎಲ್ಡಾ ಊರಿನ ಕರಿಯರ ಬೀದಿ ಸಾಲ್ಟ್ ರೋದಲ್ಲಿ ಅರ್ಲೀತಾ ಗ್ಯಾಡ್ಸ್‌ಡನ್ ಬಾಯಿಗೆ ಹೆದರದವರು ಇಬ್ಬರೇ ಇದ್ದರು. ಒಬ್ಬಳು ಅವಳ ತಾಯಿ ಹೇಗರ್. ಇನ್ನೊಬ್ಬರು ಹೆಣಗಳ ಅಂತ್ಯಸಂಸ್ಕಾರ ನಡೆಸಿಕೊಡುತ್ತಿದ್ದ ಮಿಸ್ಟರ್ ಫ್ಲಡ್. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಅರ್ಲೀತಾ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ತಲೆಕೂದಲು ನೇರ ಮಾಡುವ ಅಂಗಡಿ ಇಟ್ಟುಕೊಂಡಿದ್ದಳು. ಒಲೆಯ ಮೇಲೆ ಕಬ್ಬಿಣದ ಬಾಚಣಿಗೆ ಸದಾ ಕಾಯುತ್ತಿರುತ್ತಿತ್ತು. ಕೋಣೆಯ ತುಂಬ ಸುಟ್ಟ ಎಣ್ಣೆಯ ವಾಸನೆ, ಅದಕ್ಕಿಂತ ದಟ್ಟವಾಗಿ ಮಾತು. ಗಂಡನೆನ್ನುವವನು ಕೆಲಸ ಹುಡುಕಿಕೊಂಡು ಉತ್ತರಕ್ಕೆ ಹೋದವನು ತಿರುಗಿ ಬರಲಿಲ್ಲ. ಅವಳೂ ದಾರಿ ಕಾಯಲಿಲ್ಲ. ಹೇಗರ್ ಸೂಲಗಿತ್ತಿ. ಊರಿನ ಕರಿಯರ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು, ಬಿಳಿಯರ ಮಕ್ಕಳಲ್ಲೂ ಅರ್ಧಕ್ಕರ್ಧ. ನಮ್ಮವರ ಮನೆಗೆ ಮುಂಬಾಗಿಲಿನಿಂದ ಹೋಗುತ್ತಿದ್ದಳು, ಅವರ ಮನೆಗೆ ಹಿಂಬಾಗಿಲಿನಿಂದ. ಅದನ್ನು ಯಾರೂ ವಿಶೇಷವೆಂದು ತಿಳಿದಿರಲಿಲ್ಲ.

ಯುದ್ಧ ಮುಗಿದ ಮರುವರ್ಷ, ಒಂದು ಶನಿವಾರ ತಾಯಿ ಮಗಳು ಪಾಮೆಟೊ ಟಾಕೀಸಿಗೆ ಹೋದರು. ಪರದೆಯ ಮೇಲೆ ಬಿಳಿಯರ ಬಂಗಲೆ, ಅದರಲ್ಲೊಂದು ದೆವ್ವ, ದೆವ್ವ ಕಂಡು ಕಣ್ಣುಗುಡ್ಡೆ ಹೊರಗೆ ಬರುವಂತೆ ಕಿರುಚಿಕೊಂಡು ಓಡುವ ನಮ್ಮವಳೊಬ್ಬಳು ಕೆಲಸದಾಕೆ. ಜನ ಬಿದ್ದು ಬಿದ್ದು ನಕ್ಕರು. ಹೇಗರ್ ಅಂತೂ ಸೆರಗಿನಂಥ ತನ್ನ ದೊಡ್ಡ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಮನೆಗೆ ನಡೆಯುವಾಗ ಅರ್ಲೀತಾ ಬುಸುಗುಟ್ಟುತ್ತಿದ್ದಳು.

"ಅದನ್ನ ನೋಡಿ ಅಷ್ಟೊಂದು ನಗ್ತೀಯಲ್ಲವ್ವಾ, ನಾಚಿಕೆ ಆಗಲ್ವಾ?"

"ಯಾಕೆ ನಗಬಾರ್ದು? ಟಿಕೆಟ್ ತಗೊಂಡು ಒಳಗೆ ಹೋಗಿದೀನಿ. ಅಳಕ್ಕೆ ಬೇರೆ ಜಾಗ ಇದೆ."

"ಅವಳು ನಮ್ಮೋಳು ಕಣವ್ವಾ. ನೀನು ಯಾವತ್ತಾದ್ರೂ ಹಂಗೆ ಕುಣಿದಿದ್ದೀಯಾ? ಸುಂಟರಗಾಳೀಲಿ ದೋಣಿ ಹತ್ಕೊಂಡು ಹೋಗಿ ಹೆರಿಗೆ ಮಾಡ್ಸಿದೋಳು ನೀನು."

"ಅದನ್ನ ಯಾರು ಸಿನಿಮಾ ತೆಗೀತಾರೆ?" ಎಂದಳು ಹೇಗರ್. "ಅಷ್ಟು ಹೊಟ್ಟೆ ಉರಿಯೋದಾದ್ರೆ ನೀನೇ ತೆಗಿ. ಇಷ್ಟು ದಿನ ನಂಗೆ ಬುದ್ಧಿ ಹೇಳಿದ್ದಾಯ್ತು, ಇನ್ನು ಪರದೆಗೂ ಹೇಳು."

ಹೇಗರ್ ಮನೆಗೆ ಬಂದು ಕಾಲು ಚಾಚಿದವಳೇ ಆ ಮಾತನ್ನು ಮರೆತಳು. ಅರ್ಲೀತಾ ಮರೆಯಲಿಲ್ಲ.

ಆ ಚಳಿಗಾಲ ಬ್ಯಾಪ್ಟಿಸ್ಟ್ ಪಾದ್ರಿಗಳ ಸಮ್ಮೇಳನಕ್ಕೆ ಲೂಷಿಯಸ್ ಟ್ರೆಡ್‌ವೆಲ್ ಎಂಬವನು ಬಂದ. ಸೈನ್ಯದಲ್ಲಿ ಕ್ಯಾಮೆರಾ ಹಿಡಿಯುವುದನ್ನು ಕಲಿತವನು; ಈಗ ಕೆಮ್ಮುವ ಕಾರೊಂದರಲ್ಲಿ ಊರೂರು ಸುತ್ತಿ, ಚರ್ಚಿನ ಮುಂದೆ ಜನ ಸಾಲಾಗಿ ನಡೆಯುವುದನ್ನು ಚಿತ್ರ ಹಿಡಿದು, ಮುಂದಿನ ವಾರ ಅವರಿಗೇ ತೋರಿಸಿ ಹೊಟ್ಟೆ ಹೊರೆಯುತ್ತಿದ್ದ. ಅರ್ಲೀತಾ ಒಂದು ತಟ್ಟೆ ಕೆಂಪು ಅನ್ನ, ಹುರಿದ ಮೀನು ಹಿಡಿದುಕೊಂಡು ಹೋಗಿ ಅವನೆದುರು ನಿಂತಳು.

"ತಿನ್ನಿ. ತಿಂದ್ಮೇಲೆ ಆ ಪೆಟ್ಟಿಗೆ ಹೆಂಗೆ ಕೆಲಸ ಮಾಡುತ್ತೆ ಹೇಳ್ಕೊಡಿ."

ಲೂಷಿಯಸ್ ನಕ್ಕ. "ಅಕ್ಕಾ, ಇದು ಹೆಂಗಸರು ಎತ್ತೋ ಅಂಥದ್ದಲ್ಲ. ಐದು ನಿಮಿಷ ಎತ್ಕೊಂಡ್ರೆ ಕೈ ಬಿದ್ದುಹೋಗುತ್ತೆ."

"ಬೆಳಗಿಂದ ಸಂಜೆವರೆಗೂ ತೋಳು ಎತ್ಕೊಂಡೇ ನಿಂತಿರೋಳು ನಾನು. ಈ ಊರಿನ ತಲೆ ನೀವು ನೋಡಿಲ್ಲ. ಕೊಡಿಲ್ಲಿ."

ಅವಳು ಕ್ಯಾಮೆರಾವನ್ನು ಹೆಗಲಿಗೇರಿಸಿದಳು. ಲೂಷಿಯಸ್ ಊಟ ಮುಗಿಸಿ ಬೆರಳು ಚೀಪಿಕೊಂಡು ನೋಡಿದರೂ ತೋಳು ನಡುಗಿರಲಿಲ್ಲ. ಎರಡು ದಿನಕ್ಕೆಂದು ಬಂದವನು ಸಾಲ್ಟ್ ರೋದಲ್ಲೇ ಉಳಿದುಕೊಂಡ. "ಇದೇನು, ಮದುವೆ ಯಾವಾಗ?" ಎಂದು ಅಂಗಡಿಯ ಹೆಂಗಸರು ಚುಡಾಯಿಸಿದರೆ "ಸಿನಿಮಾ ಮುಗೀಲಿ" ಎನ್ನುತ್ತಿದ್ದಳು ಅರ್ಲೀತಾ. ಒಂದಾದ ಮೇಲೊಂದು ಸಿನಿಮಾ ಬಂತು. ಮದುವೆಯ ಮಾತು ಹಾಗೇ ಉಳಿಯಿತು.

ಮೊದಮೊದಲು ಅವಳು ಹಿಡಿದ ಚಿತ್ರದಲ್ಲಿ ಎಲ್ಲರೂ ಕುತ್ತಿಗೆಯವರೆಗೆ ಮಾತ್ರ ಬಂದಿದ್ದರು. ಅಂಗಡಿಯ ಗೋಡೆಯ ಮೇಲೆ ಅದನ್ನು ನೋಡಿದ ಹೇಗರ್ ತೊಡೆ ತಟ್ಟಿಕೊಂಡಳು. "ಊರಿನ ತಲೆಗಳನ್ನೆಲ್ಲ ಬಾಚೋಳು ತಲೇನೇ ಬಿಟ್ಟಿದಾಳಲ್ಲಪ್ಪ!"

ಅರ್ಲೀತಾ ಬೈಸಿಕೊಂಡೇ ಕಲಿತಳು. ಒಂದು ವರ್ಷ ಕಳೆಯುವಷ್ಟರಲ್ಲಿ ಅವಳ ತಲೆಯಲ್ಲಿ ಒಂದು ಕತೆ ಕೂತಿತ್ತು. ಒಬ್ಬಳು ಸೂಲಗಿತ್ತಿ. ದೊಡ್ಡ ಬಿಳಿಯರ ಮನೆಯಿಂದ ಕರೆ ಬರುತ್ತದೆ. ಮನೆಯ ಯಜಮಾನ ಹಿಂಬಾಗಿಲಿಗೆ ಹೋಗೆನ್ನುತ್ತಾನೆ. ಅವಳು ಮುಂಬಾಗಿಲಿನಲ್ಲೇ ನಿಲ್ಲುತ್ತಾಳೆ. ಅಷ್ಟೇ ಕತೆ. ಚಿತ್ರದ ಹೆಸರೂ 'ಮುಂಬಾಗಿಲು'. ಸೂಲಗಿತ್ತಿಯ ಪಾತ್ರ ಮಾಡಬೇಕೆಂದು ತಾಯಿಗೆ ಹೇಳಿದಾಗ ಹೇಗರ್ ಬೀನ್ಸ್ ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಇದು ಸುಳ್ಳು. ನಾನು ಯಾವತ್ತೂ ಅವರ ಮುಂಬಾಗಿಲಿಗೆ ಹೋಗಿಲ್ಲ."

"ಗೊತ್ತವ್ವಾ."

"ಹೋಗಿದ್ರೆ ನನ್ನ ಉಳಿಸ್ತಿರಲಿಲ್ಲ, ನೀನೂ ಇವತ್ತು ಇರ್ತಿರಲಿಲ್ಲ. ಅದೂ ಗೊತ್ತಾ?"

"ಅದೂ ಗೊತ್ತು. ಅದಕ್ಕೇ ಈ ಸಿನಿಮಾ."

"ಸುಳ್ಳು ಹೇಳಕ್ಕೆ ಚರ್ಚಿನೋರು ಕೂಡಿಸಿಕೊಟ್ಟ ದುಡ್ಡಲ್ಲಿ ರೀಲು ತರ್ತೀಯಾ?" ಎಂದು ಗೊಣಗಿ ಹೇಗರ್ ಮತ್ತೆ ಬೀನ್ಸ್ ಬಿಡಿಸಿದಳು. ಆದರೆ ಬರುವುದಿಲ್ಲ ಎನ್ನಲಿಲ್ಲ.

ಬಿಳಿಯರಲ್ಲಿ ಯಾರು ನಟಿಸಿಯಾರು? ಕ್ಷೌರದ ಪರ್ವಿಸ್ ಲಬೋ ನಮ್ಮವನೇ ಆದರೂ ಹಾಲುಬಣ್ಣದವನು. ಅವನ ಅಜ್ಜ ಯಾರೆಂದು ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವನ ಮುಖಕ್ಕೆ ಇನ್ನಷ್ಟು ಪೌಡರು ಬಳಿದು, ಕೂದಲಿಗೆ ಎಣ್ಣೆ ಹಾಕಿ ಹಿಂದಕ್ಕೆ ಬಾಚಿ ಯಜಮಾನನನ್ನಾಗಿ ಮಾಡಿದರು. ಕಂಬಗಳಿರುವ ಬಂಗಲೆ ಬೇಕಿತ್ತು. ಸಾಲ್ಟ್ ರೋದಲ್ಲಿ ಕಂಬಗಳಿದ್ದ ಕಟ್ಟಡ ಒಂದೇ, ಮಿಸ್ಟರ್ ಫ್ಲಡ್ ಅವರ ಅಂತ್ಯಸಂಸ್ಕಾರದ ಮನೆ. ಅವರ ಕಿವಿಗೆ ಬಾಯಿಟ್ಟು ಕೂಗಿ ಕೇಳಿದಾಗ, "ಹೆಣ ಇಲ್ಲದ ದಿನ ಮಾಡ್ಕೊಳ್ಳಿ" ಎಂದು ಕೈಯಾಡಿಸಿದರು.

ಹೆಣವಿಲ್ಲದ ದಿನವೆಂದೇ ಶುರುಮಾಡಿದರು. ಪರ್ವಿಸ್ ಬಿಳಿ ಸೂಟು ಹಾಕಿಕೊಂಡು ಮುಂಬಾಗಿಲಿನಲ್ಲಿ ನಿಂತ. ಹೇಗರ್ ತನ್ನ ಚೀಲ ಹಿಡಿದು ಮೆಟ್ಟಿಲೇರಿದಳು. ಆದರೆ ಪ್ರತಿ ಸಲ ಮಾತು ಬರುವ ಹೊತ್ತಿಗೆ ಅವಳಿಗೆ ನಗು ಬರುತ್ತಿತ್ತು. "ಈ ಪರ್ವಿಸ್ ನನ್ ಮಗನ್ನ ನೋಡಿ ನಾನು ಹೆಂಗೆ ಹೆದರ್ಲಿ? ಇವನ ಅಂಡು ತೊಳೆದಿದೀನಿ!" ಜನ ನಗುತ್ತಿದ್ದರು. ರೀಲು ಹಾಳಾಗುತ್ತಿತ್ತು. ಅರ್ಲೀತಾ ಹಲ್ಲು ಕಚ್ಚಿಕೊಂಡಿದ್ದಳು.

ಆಗ ದೋಣಿಕಟ್ಟೆಯ ಕಡೆಯಿಂದ ಒಂದು ಗಾಡಿ ಬಂತು. ಎದುರಿನ ದ್ವೀಪದಲ್ಲಿ ಸತ್ತಿದ್ದ ಮುದುಕನೊಬ್ಬನ ಹೆಣ ತಂದಿದ್ದರು. ಸುದ್ದಿ ಮಿಸ್ಟರ್ ಫ್ಲಡ್ ಅವರಿಗೆ ಮುಟ್ಟಿರಲಿಲ್ಲ. ಗಾಡಿಯ ಮುಂದೆ ಕಪ್ಪು ಟೊಪ್ಪಿಗೆಯ ವಿಧವೆ. ಅವಳು ತಲೆಯೆತ್ತಿ ನೋಡಿದಳು: ಕಂಬಗಳ ನಡುವೆ, ತೆರೆದ ಬಾಗಿಲಿನಲ್ಲಿ, ಬಿಳಿ ಸೂಟಿನ ಬಿಳಿಯ. ಕಣ್ಣು ನೆಲಕ್ಕಿಳಿಸಿ, "ತಪ್ಪಾಯ್ತು ಸಾರ್" ಎಂದು, ಹೆಣ ಹೊತ್ತವರಿಗೆ ಕೈಸನ್ನೆ ಮಾಡಿ, ಕಟ್ಟಡದ ಹಿಂಭಾಗಕ್ಕೆ ತಿರುಗಿಬಿಟ್ಟಳು. ಅದು ನಮ್ಮವರದೇ ಮನೆ. ಅವಳು ತಂದದ್ದು ತನ್ನ ಗಂಡನ ಹೆಣ.

ಯಾರಿಗೂ ನಗು ಬರಲಿಲ್ಲ. ಪರ್ವಿಸ್ ತೋಳಿನಿಂದ ಮುಖ ಉಜ್ಜಿಕೊಳ್ಳತೊಡಗಿದ; ಪೌಡರು ಸೂಟಿಗೆಲ್ಲ ಹತ್ತಿತು. ಹೇಗರ್ ಮೆಟ್ಟಿಲಿಳಿದು ಓಡಿದಳು. ಅವಳು ಓಡಿದ್ದನ್ನು ಅರ್ಲೀತಾ ಅದುವರೆಗೆ ನೋಡಿರಲಿಲ್ಲ. ವಿಧವೆಯ ಮೊಣಕೈ ಹಿಡಿದು, "ತಂಗೀ, ಅವನು ಕ್ಷೌರದ ಪರ್ವಿಸ್ ಕಣಮ್ಮ, ನಮ್ಮೋನೇ. ಬಾ, ಮುಂದಿನಿಂದ ಬಾ. ನಿನ್ ಗಂಡನ್ನ ಹಿಂದಿನಿಂದ ಯಾಕೆ ಕರ್ಕೊಂಡು ಹೋಗ್ತೀಯ?" ಎಂದು ಅವಳನ್ನು ಮೆಟ್ಟಿಲು ಹತ್ತಿಸಿದಳು. ಪರ್ವಿಸ್ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದು, ತಲೆ ತಗ್ಗಿಸಿ ನಿಂತ.

ಸಂಸ್ಕಾರ ಮುಗಿದು ಎರಡು ದಿನವಾದ ಮೇಲೆ ಮತ್ತೆ ಎಲ್ಲರೂ ಅಲ್ಲೇ ಸೇರಿದರು. ಹೇಗರ್ ಚೀಲ ಹಿಡಿದು ಮೆಟ್ಟಿಲೇರಿದಳು. ಈ ಸಲ ನಗಲಿಲ್ಲ. "ನಿಮ್ಮಪ್ಪನ್ನ ಈ ಕೈಯಲ್ಲಿ ಎತ್ಕೊಂಡೆ. ನಿಮ್ಮನ್ನ ಎತ್ಕೊಂಡೆ. ಈಗ ನಿಮ್ಮ ಮಗು ಬರ್ತಾ ಇದೆ. ಬಾಗಿಲಿಂದ ಸರೀತೀರೋ, ಇಲ್ಲಾ ನಾನು ಇಲ್ಲೇ ಕೂತ್ಕೊಳ್ಲೋ?" ಒಂದೇ ಸಲಕ್ಕೆ ಮುಗಿಯಿತು. ಪರ್ವಿಸ್ ನಿಜವಾಗಿಯೂ ಒಂದು ಹೆಜ್ಜೆ ಹಿಂದೆ ಸರಿದುಬಿಟ್ಟ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿನಲ್ಲಿ ಯಾವ ಚಿತ್ರ ತೋರಿಸಬೇಕಾದರೂ ನಗರದ ಪರಿಶೀಲನಾ ಮಂಡಳಿಯ ಅಪ್ಪಣೆ ಬೇಕಿತ್ತು. ಅದರ ಮುಖ್ಯಸ್ಥ ಕ್ರೆನ್‌ಶಾ ಟಾಲಿವರ್ ಚಿತ್ರವನ್ನು ನೋಡಿದ. ಅರ್ಲೀತಾ ಗೋಡೆಗೊರಗಿ ನಿಂತೇ ಇರಬೇಕಾಯಿತು. ಬಾಗಿಲಿನ ದೃಶ್ಯ ಮುಗಿಯುತ್ತಲೇ ದೀಪ ಹಾಕಿಸಿದ.

"ಅಡುಗೆಮನೆ ಇರಲಿ, ಮಗು ಇರಲಿ, ಹಾಡು ಇರಲಿ. ಆ ಬಾಗಿಲು ಬೇಡ. ಊರಿನ ಶಾಂತಿ ಕೆಡುತ್ತೆ."

"ಅದನ್ನ ತೆಗೆದ್ರೆ ಉಳಿಯೋದೇನು ಸಾರ್?"

"ಅದು ನಿನ್ನ ಕಷ್ಟ" ಎಂದ ಟಾಲಿವರ್. ಆ ತುಂಡನ್ನು ಕತ್ತರಿಸಿ, ಅವಳ ಕಣ್ಣೆದುರೇ ಕಬ್ಬಿಣದ ಬುಟ್ಟಿಗೆ ಹಾಕಿ ಕಡ್ಡಿ ಗೀರಿದರು. ಬೇರೆ ಪ್ರತಿ ಇರಲಿಲ್ಲ.

ಮನೆಗೆ ಬಂದು ಅರ್ಲೀತಾ ಕುರ್ಚಿಯಲ್ಲಿ ಕುಸಿದಳು. ಸುದ್ದಿ ಕೇಳಿದ ಹೇಗರ್, "ಯಾರು, ಆ ಟಾಲಿವರ್ ಹುಡುಗನಾ? ಅವನನ್ನ ಹೊರಗೆ ಎಳೆದಿದ್ದು ನಾನೇ. ಅಂಡು ಮುಂದೆ ಮಾಡ್ಕೊಂಡು ಬಂದೋನು. ಆವತ್ತೇ ಅವನು ಹಿಂಬಾಗಿಲ ಗಿರಾಕಿ" ಎಂದಳು. ಲೂಷಿಯಸ್ ಬಾಯಲ್ಲಿದ್ದ ಕಾಫಿಯನ್ನು ಉಗುಳಿಕೊಂಡ. ಅರ್ಲೀತಾಳಿಗೂ ನಗು ಬಂತು. ನಕ್ಕ ಮೇಲೆ ತಲೆ ಓಡಿತು.

"ಲೂಷಿಯಸ್, ಎರಡು ತುದೀನ ಅಂಟಿಸ್ಬೇಡ. ಅವರು ಎಷ್ಟು ಉದ್ದ ಕತ್ತರಿಸಿದ್ರೋ ಅಷ್ಟೇ ಉದ್ದ ಕರೀ ಫಿಲ್ಮ್ ಸೇರಿಸು."

"ಏನೂ ಇಲ್ಲದ್ದಾ?"

"ಏನೂ ಇಲ್ಲದ್ದು."

ಶನಿವಾರ ಮಧ್ಯಾಹ್ನ ಪಾಮೆಟೊ ಟಾಕೀಸು ಕಿಕ್ಕಿರಿಯಿತು. ಚಿತ್ರದಲ್ಲಿ ನಟಿಸಿದವರು, ನಟಿಸಿದವರ ನೆಂಟರು, ಸಿಂಪಿ ಒಡೆಯುವ ಕಾರ್ಖಾನೆಯ ಹೆಂಗಸರು, ದ್ವೀಪದ ಆ ವಿಧವೆ. ಕೊನೆಯ ಸಾಲಿನಲ್ಲಿ ಟಾಲಿವರ್, ಅವನ ಪಕ್ಕದಲ್ಲಿ ಒಬ್ಬ ಪೊಲೀಸಿನವನು. ಮ್ಯಾನೇಜರ್ ಹೊಸಿಯಾ ಬ್ಲೌಂಟ್ ಬೆವರೊರೆಸಿಕೊಳ್ಳುತ್ತ, "ತಂಗೀ, ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡಮ್ಮ" ಎಂದು ಅರ್ಲೀತಾಳಿಗೆ ಕೈಮುಗಿದ.

ಪರದೆಯ ಮೇಲೆ ಹೇಗರ್ ಚೀಲ ಹಿಡಿದು ಕಂಬಗಳ ಮನೆಯತ್ತ ನಡೆದು ಬಂದಳು. ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಪರದೆ ಕಪ್ಪಾಯಿತು.

ಯಂತ್ರ ತಿರುಗುತ್ತಲೇ ಇತ್ತು. ಕೆಲವರು ಕೆಟ್ಟುಹೋಯಿತೆಂದುಕೊಂಡು ಹಿಂದೆ ತಿರುಗಿದರು. ಅರ್ಲೀತಾ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ತಾಯಿಗೂ ಹೇಳಿರಲಿಲ್ಲ. ಕತ್ತಲಿನಲ್ಲಿ ಕುರ್ಚಿಯೊಂದು ಕಿರ್ ಎಂದಿತು. ಆಮೇಲೆ ಹೇಗರಳ ದನಿ, ಹೆರಿಗೆಯ ಕೋಣೆಯಲ್ಲಿ ಗಂಡಸರನ್ನು ಹೊರಗಟ್ಟುವ ಆ ದನಿ.

"ನಿಮ್ಮಪ್ಪನ್ನ ಈ ಕೈಯಲ್ಲಿ ಎತ್ಕೊಂಡೆ."

ಇನ್ನೊಂದು ಮೂಲೆಯಿಂದ ಪರ್ವಿಸ್, ಸ್ವಲ್ಪ ತಡೆದು: "ಹಿಂದಿನಿಂದ ಬಾ ಅಂದೆನಲ್ಲ!"

"ಬರಲ್ಲ!" ಎಂದಿತು ಯಾರೋ ಹೆಂಗಸಿನ ದನಿ. ಅದು ಚಿತ್ರದಲ್ಲಿ ಇರಲೇ ಇಲ್ಲ. "ಬರಲ್ಲ, ಹೋಗೋ!" ಎಂದಿತು ಇನ್ನೊಂದು. ಹೇಗರ್ ತನ್ನ ಮಾತು ಮುಗಿಸುವಷ್ಟರಲ್ಲಿ ಇಡೀ ಟಾಕೀಸು ಕಾಲು ಬಡಿಯುತ್ತಿತ್ತು. "ಸರಿ! ಬಾಗಿಲಿಂದ ಸರಿ!" ಧೂಳೆದ್ದಿತು. ಆಮೇಲೆ ಪರದೆ ಬೆಳಗಿತು. ಹೇಗರ್ ಮನೆಯೊಳಗಿದ್ದಳು, ಅವಳ ಕೈಯಲ್ಲಿ ಮಗು ಅಳುತ್ತಿತ್ತು.

ಟಾಲಿವರ್ ದೀಪ ಹಾಕಿಸಿದ. ಮುಖ ಸಿಗಡಿಯಂತೆ ಕೆಂಪಗಾಗಿತ್ತು. "ಆ ದೃಶ್ಯ ತೋರಿಸಬಾರದು ಅಂತ ಹೇಳಿದ್ದೆ!"

"ಎಲ್ಲಿ ತೋರಿಸ್ದೆ ಸಾರ್?" ಎಂದಳು ಅರ್ಲೀತಾ. "ಪರದೆ ಕರ್ರಗಿತ್ತು. ನೀವೇ ಕಣ್ಣಾರೆ ನೋಡಿದ್ರಿ."

"ಜನ ಮಾತಾಡಿದ್ರು!"

"ನೀವು ಕತ್ತರಿಸಿದ್ದು ಫಿಲ್ಮು. ಜನರನ್ನ ಕತ್ತರಿಸೋದು ಬಿಟ್ಟುಹೋಯ್ತು."

ಆ ಮಾತಿಗೆ ಬೆಲೆ ತೆರಬೇಕಾಯಿತು. ಟಾಕೀಸಿಗೆ ಬೀಗ ಬಿತ್ತು; ಬ್ಲೌಂಟ್ ಕೆಲಸ ಕಳೆದುಕೊಂಡು ಅವಳೊಡನೆ ಮಾತು ಬಿಟ್ಟ. ಕಿಟಕಿಯಿಂದ ಕಲ್ಲು ಬಂತು. ಕೊಳಕೆಂಬ ನೆಪ ಹೇಳಿ ಅವಳ ಅಂಗಡಿಯನ್ನು ಮುಚ್ಚಿಸಿದರು. ಕೊನೆಗೆ ಸೂಲಗಿತ್ತಿಯ ಕೆಲಸ ಮಾಡಬಾರದೆಂದು ಹೇಗರಳಿಗಿದ್ದ ಸರ್ಕಾರದ ಅಪ್ಪಣೆಪತ್ರವನ್ನೇ ಕಿತ್ತುಕೊಂಡರು. ಆವತ್ತು ಮಾತ್ರ ಅರ್ಲೀತಾ ಅತ್ತಳು.

"ನನ್ನಿಂದ ನಿನ್ನ ಕೆಲಸ ಹೋಯ್ತವ್ವಾ."

"ಎಲ್ಲಿ ಹೋಯ್ತು? ಮಕ್ಕಳು ಅಪ್ಪಣೆ ನೋಡ್ಕೊಂಡು ಹುಟ್ತಾವಾ?" ಎಂದು ಹೇಗರ್ ಚೀಲ ತೆಗೆದುಕೊಂಡು ಹೊರಟಳು. ಸಾಲ್ಟ್ ರೋದ ಹೆಂಗಸರೂ ಹಾಗೆಯೇ, ಮುಂದಿನ ಕೋಣೆ ಮುಚ್ಚಿದರೆ ಅಡುಗೆಮನೆಗೆ ಬಂದು ತಲೆಯೊಡ್ಡಿ ಕೂತರು. ಬಿಳಿಯರ ಮನೆಗಳಿಂದ ಮಾತ್ರ ಹೇಗರಳಿಗೆ ಕರೆ ಬರಲಿಲ್ಲ. ಅದನ್ನು ಅವಳು ನಷ್ಟವೆಂದು ಯಾವತ್ತೂ ಹೇಳಲಿಲ್ಲ.

ಊರಿನಲ್ಲಿ ತೋರಿಸಲಾಗದ ಚಿತ್ರವನ್ನು ಅರ್ಲೀತಾ, ಲೂಷಿಯಸ್ ಕಾರಿಗೆ ಹೇರಿಕೊಂಡು ಹೊರಟರು. ಚರ್ಚುಗಳಲ್ಲಿ, ತಂಬಾಕಿನ ಕೊಟ್ಟಿಗೆಗಳಲ್ಲಿ, ಮಂಚದ ಹಾಸುಬಟ್ಟೆಯನ್ನೇ ಪರದೆಯಾಗಿ ಕಟ್ಟಿ ತೋರಿಸಿದರು. ಕತ್ತಲಿನ ತುಂಡು ಬಂದಾಗ ಹೇಗರ್ ಅಲ್ಲಿರುತ್ತಿರಲಿಲ್ಲ. ಆದರೂ ಪ್ರತಿ ಊರಿನಲ್ಲಿ ಯಾರಾದರೂ ಎದ್ದು ನಿಲ್ಲುತ್ತಿದ್ದರು. ಒಂದು ಕಡೆ ಶಾಲೆಯ ಮೇಷ್ಟ್ರು ಬ್ಯಾಂಕಿನ ಬಾಗಿಲಿನಲ್ಲಿ ತನಗೆ ಅಂದದ್ದನ್ನು ಹೇಳಿದರು. ಇನ್ನೊಂದು ಕಡೆ ಬಟ್ಟೆ ಒಗೆಯುವ ಮುದುಕಿ ಯಾರಿಗೋ ಅಂದು ಹೇಳಬೇಕಿದ್ದ ಬೈಗುಳವನ್ನೆಲ್ಲ ಕತ್ತಲಿಗೆ ಬೈದು ಕೂತಳು. ಒಳನಾಡಿನ ಒಂದು ಹಳ್ಳಿಯಲ್ಲಿ ಕೊಡಲಿ ಹಿಡಿದವರು ನುಗ್ಗಿ ಯಂತ್ರವನ್ನು ಒಡೆದು ಹಾಕಿದರು. ಅಡ್ಡ ನಿಂತ ಲೂಷಿಯಸ್‌ನ ಎಡಗೈ ಆಮೇಲೆ ಪೂರ್ತಿ ಮಡಚಲಿಲ್ಲ. ಸಿಂಪಿ ಕಾರ್ಖಾನೆಯ ಹೆಂಗಸರು ಮೀನು ಹುರಿದು ಮಾರಿ ಬೇರೊಂದು ಯಂತ್ರ ತಂದುಕೊಟ್ಟರು.

ಸುದ್ದಿ ಉತ್ತರಕ್ಕೂ ಹೋಯಿತು. ಅಲ್ಲಿನ ಚಿತ್ರ ಕಂಪನಿಯೊಂದರಿಂದ ಸ್ಟ್ರಿಕ್‌ಲರ್ ಎಂಬ ಬಿಳಿಯ ಬಂದ. ಒಳ್ಳೆಯವನೇ. ಅಡುಗೆಮನೆಯಲ್ಲಿ ಕೂತು ಹೇಗರ್ ಕೊಟ್ಟದ್ದನ್ನೆಲ್ಲ ತಿಂದ. ಕಳೆದುಹೋದ ದೃಶ್ಯವನ್ನು ಹೆಸರಾಂತ ನಟಿಯಿಂದ ಮತ್ತೆ ಮಾಡಿಸೋಣ, ಚಿತ್ರವನ್ನು ದೊಡ್ಡ ಊರುಗಳಲ್ಲಿ ತೋರಿಸೋಣ ಎಂದ.

"ನಮ್ಮವ್ವನ ಜಾಗದಲ್ಲಿ ಬೇರೆಯೋಳು ನಿಲ್ಲಲ್ಲ" ಎಂದಳು ಅರ್ಲೀತಾ.

"ಸರಿ, ನಿಮ್ಮ ತಾಯಿಯೇ ಮಾಡಲಿ. ಆ ತೂತು ಮುಚ್ಚಿದರೆ ಸಾಕು."

"ಆ ತೂತು ಮಾಡಿದೋರು ಅವರು. ನಾನ್ಯಾಕೆ ಹೊಲೀಲಿ? ಹೊಲಿದುಬಿಟ್ರೆ ನಾಳೆ ಏನೂ ಆಗೇ ಇಲ್ಲ ಅಂತಾರೆ."

ಸ್ಟ್ರಿಕ್‌ಲರ್ ಹೋದ ಮೇಲೆ ಲೂಷಿಯಸ್ ಒಂದು ವಾರ ಮುಖ ಊದಿಸಿಕೊಂಡಿದ್ದ. ಅವನಿಗೆ ದೊಡ್ಡ ಊರಿನ ಆಸೆಯಿತ್ತು. ಇದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಅರ್ಲೀತಾ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಮುಂದಿನ ಚಿತ್ರದ ಕತೆ ಹೇಳಿದಳು. ಅವನು ಬೈದುಕೊಂಡೇ ಕ್ಯಾಮೆರಾ ಒರೆಸಿದ.

ಹೀಗೆ ಅವಳು ಏಳು ಚಿತ್ರ ಮಾಡಿದಳು. ಸಿಂಪಿ ಒಡೆಯುವ ಹೆಂಗಸರ ಮುಷ್ಕರ ಒಂದು. ಸುಟ್ಟುಹೋದ ಶಾಲೆಯನ್ನು ಮಕ್ಕಳು ಮರಳಿ ಕಟ್ಟಿದ್ದು ಒಂದು. ಕೆಲವು ಚೆನ್ನಾಗಿರಲಿಲ್ಲ, ಅದನ್ನು ಅವಳೇ ಹೇಳುತ್ತಿದ್ದಳು. ಹೇಗರ್ ಎಂಬತ್ತು ದಾಟಿ, ನಿದ್ದೆಯಲ್ಲೇ ಹೋದಳು. ಅವಳ ಹಿಂದೆ ನಡೆದವರಲ್ಲಿ ಹೆಚ್ಚಿನವರು ಅವಳ ಕೈಯಲ್ಲಿ ಹುಟ್ಟಿದವರು. ಅರ್ಲೀತಾ ಆವತ್ತು ಕ್ಯಾಮೆರಾ ಮುಟ್ಟಲಿಲ್ಲ. "ಇದು ಯಾರಿಗೂ ತೋರ್ಸೋದಲ್ಲ" ಎಂದಳು.

ಅವಳಿಗೆ ಅರವತ್ತಾಗುವ ಹೊತ್ತಿಗೆ ಪರಿಶೀಲನಾ ಮಂಡಳಿ ಇರಲಿಲ್ಲ, ನಮ್ಮವರು ಬಸ್ಸಿನಲ್ಲಿ ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೆ ನಗರದವರು ಹೊಸ ಹೆದ್ದಾರಿಯ ನಕ್ಷೆ ಬರೆದಿದ್ದರು. ಅದು ಸಾಲ್ಟ್ ರೋದ ನಡುವೆಯೇ ಹಾಯುತ್ತಿತ್ತು. ಪಾದ್ರಿಗಳು ಮನವಿ ಕೊಟ್ಟರು, ಹುಡುಗರು ಮೆರವಣಿಗೆ ಮಾಡಿದರು, ಏನೂ ನಡೆಯಲಿಲ್ಲ. ಮನೆಗಳು ಖಾಲಿಯಾಗತೊಡಗಿದವು. ಅರ್ಲೀತಾ ಬೀದಿಯ ಒಂದು ತುದಿಯಿಂದ ಶುರುಮಾಡಿ, ಪ್ರತಿಯೊಂದು ಮನೆಯ ಮುಂದೆ ಆ ಮನೆಯವರನ್ನು ನಿಲ್ಲಿಸಿ, ಯಾರು ಕಟ್ಟಿದರು, ಯಾರು ಹುಟ್ಟಿದರು, ಯಾರು ಸತ್ತರು ಎಂದು ಅವರ ಬಾಯಲ್ಲೇ ಹೇಳಿಸುತ್ತ ಬಂದಳು. ಮೊದಲೇ ಹೊರಟುಹೋದವರು ಬೇರೆ ಊರುಗಳಿಂದ ಬಸ್ಸು ಹತ್ತಿ ಬಂದು ನಿಂತರು. ಬ್ಲೌಂಟ್ ಕೂಡ ಬಂದ. ಇಪ್ಪತ್ತು ವರ್ಷದ ಮೇಲೆ ಅವಳೊಡನೆ ಆಡಿದ ಮೊದಲ ಮಾತು, "ನನ್ನ ಬೋಳುತಲೆ ಜಾಸ್ತಿ ತೋರಿಸ್ಬೇಡ" ಎಂಬುದು.

ಬೀದಿಯ ಕೊನೆಯ ಮನೆಗಳು ಇನ್ನೂ ಬಾಕಿಯಿದ್ದಾಗ ಬುಲ್ಡೋಜರು ಬಂತು. ಅದರ ಜೊತೆ ಹಳದಿ ಟೊಪ್ಪಿಗೆಯ ಎಂಜಿನಿಯರ್.

"ಅಮ್ಮಾ, ಪಕ್ಕಕ್ಕೆ ಬನ್ನಿ. ಇಲ್ಲಿ ಕೆಲಸ ನಡೀತಿದೆ."

"ನನ್ನದೂ ಕೆಲಸಾನೇ" ಎಂದಳು ಅರ್ಲೀತಾ, ಕಣ್ಣನ್ನು ಕ್ಯಾಮೆರಾದಿಂದ ತೆಗೆಯದೆ. "ನೀವೇ ಸರೀರಿ. ಅಡ್ಡ ಬರ್ತಾ ಇದೀರ."

ಮನೆಯ ಮುಂದೆ ನಿಂತಿದ್ದ ಮುದುಕ ಒಮ್ಮೆ ಎಂಜಿನಿಯರನ್ನು, ಒಮ್ಮೆ ಅವಳನ್ನು ನೋಡಿದ. "ನೀವು ಹೇಳಿ ದೊಡ್ಡಪ್ಪ" ಎಂದಳು ಅವಳು. "ಮಾಳಿಗೆ ಹಾಕಿದ್ದು ನಿಮ್ಮಣ್ಣ ಅಂದ್ರಿ, ಆಮೇಲೆ?" ಎಂಜಿನಿಯರ್ ಬುಲ್ಡೋಜರಿನತ್ತ ತಿರುಗಿ, ನಡೆಸೆಂದು ಕೈಬೀಸಿದ. ಅದರ ಮೇಲೆ ಕೂತಿದ್ದವನು ನಮ್ಮವನೇ ಒಬ್ಬ ಯುವಕ, ಬೇರೆ ಊರಿನವನು, ಸಂಬಳಕ್ಕೆ ಬಂದವನು. ಅವನು ಎಂಜಿನ್ನು ಆರಿಸಿ, ಟೊಪ್ಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಏನಾಯ್ತೋ?" ಎಂದು ಎಂಜಿನಿಯರ್ ಕೂಗಿದ.

"ಅಮ್ಮಂದು ಇನ್ನೂ ಮುಗಿದಿಲ್ಲ ಸಾರ್."

ಹೆದ್ದಾರಿ ಬಂದೇ ಬಂತು. ಇವತ್ತು ಅಲ್ಲಿ ಲಾರಿಗಳು ಓಡುತ್ತವೆ. ಆದರೆ ಆ ಮಧ್ಯಾಹ್ನವೆಲ್ಲ ಬುಲ್ಡೋಜರು ಬಿಸಿಲಿನಲ್ಲಿ ಸುಮ್ಮನೆ ನಿಂತಿತ್ತು. ರೀಲು ಮುಗಿಯಿತು. ಲೂಷಿಯಸ್ ಮಡಚಲಾರದ ಕೈಯಲ್ಲೇ ಇನ್ನೊಂದು ತುಂಬಿಕೊಟ್ಟ. ಅರ್ಲೀತಾ ಮುಂದಿನ ಮನೆಯವರನ್ನು ಹೆಸರು ಹಿಡಿದು ಕರೆದಳು.